ಬಾಗಿಲು ಹಾಕಿಕೊಂಡ ಊರು

ನಮ್ಮ ಅಜ್ಜಿ ಬದುಕಿದ್ದಾಗ ಒಂದು ಮಾತು ಹೇಳುತ್ತಿದ್ದರು: "ಸೂರಿನಿಂದ ಇಲಿ ಸತ್ತು ಬಿತ್ತು ಅಂದ್ರೆ ಮರುದಿನಕ್ಕೆ ಕಾಯಬಾರದು, ಪಾತ್ರೆ ಪಡಗ ಕಟ್ಟಿಕೊಂಡು ಹೊಲಕ್ಕೆ ಹೊರಟುಬಿಡಬೇಕು." ಅವರು ಹೊಸೂರು ಸೀಮೆಯವರು. ಅವರ ಚಿಕ್ಕಂದಿನಲ್ಲಿ ಪ್ಲೇಗು ಬಂದಾಗಲೆಲ್ಲ ಊರಿಗೆ ಊರೇ ಖಾಲಿಯಾಗುತ್ತಿತ್ತಂತೆ. ಹೊಲದಲ್ಲಿ ಗುಡಿಸಲು ಹಾಕಿಕೊಂಡು ಎರಡು ಮೂರು ತಿಂಗಳು ಅಲ್ಲೇ ಕಳೆಯುತ್ತಿದ್ದರಂತೆ. ಮಕ್ಕಳಾದ ನಾವು ಅದನ್ನೊಂದು ದೊಡ್ಡ ಪಿಕ್‌ನಿಕ್ ಎಂಬಂತೆ ಕೇಳುತ್ತಿದ್ದೆವು. ಅಜ್ಜಿಯ ಇಬ್ಬರು ಅಕ್ಕಂದಿರು ಆ ಗುಡಿಸಲಿನಿಂದ ಮನೆಗೆ ವಾಪಸಾಗಲಿಲ್ಲ ಎಂಬುದು ನಮಗೆ ತಿಳಿದದ್ದು ಬಹಳ ತಡವಾಗಿ.

ಅದೇ ರೋಗ ಬಂದಾಗ ಊರು ಬಿಡದೆ, ಊರಿನ ಬಾಗಿಲನ್ನು ಒಳಗಿನಿಂದಲೇ ಹಾಕಿಕೊಂಡ ಹಳ್ಳಿಯೊಂದು ಇಂಗ್ಲೆಂಡಿನಲ್ಲಿದೆ ಎಂದು ಎಲ್ಲೋ ಓದಿದ್ದೆ. ಶೆಫೀಲ್ಡ್ ನಗರದಲ್ಲಿ ನರ್ಸ್ ಆಗಿರುವ ಮಗಳ ಮನೆಗೆ ಹೋದಾಗ ಅವಳು, "ಅಮ್ಮಾ, ಮೊದಲು ಲಂಡನ್ ನೋಡಿಬಿಡೋಣವಾ?" ಎಂದಳು. "ಲಂಡನ್ ಎಲ್ಲಿಗೂ ಓಡಿಹೋಗಲ್ಲ, ಮೊದಲು ಆ ಹಳ್ಳಿ ತೋರಿಸು" ಎಂದೆ. ಶೆಫೀಲ್ಡಿನಿಂದ ಅಲ್ಲಿಗೆ ಸುಮಾರು ಇಪ್ಪತ್ತು ಕಿಲೋಮೀಟರ್ ಅಷ್ಟೇ.

ಊರಿನ ಹೆಸರೇ ಮೊದಲ ಒಗಟು. ಇಂಗ್ಲಿಷ್ ಅಕ್ಷರ ಕೂಡಿಸಿ ಓದಿದರೆ 'ಇಯಾಮ್' ಎನ್ನಬೇಕು. ಆದರೆ ಊರವರು ಹೇಳುವುದು 'ಈಮ್'. 1086ರಲ್ಲಿ ಇಂಗ್ಲೆಂಡಿನ ಅರಸ ಬರೆಸಿದ ಡೂಮ್ಸ್‌ಡೇ ಎಂಬ ಭೂಮಿ ದಾಖಲೆಯಲ್ಲಿಯೂ ಈ ಊರಿದೆ. ಎರಡು ಹಳ್ಳಗಳ ನಡುವಿನ ನೆಲ, ದ್ವೀಪದಂಥ ಜಾಗ ಎಂದು ಹೆಸರಿಗೆ ಅರ್ಥ ಹೇಳುತ್ತಾರೆ. ಮುಂದೆ ನಡೆದದ್ದನ್ನು ನೆನೆದರೆ ಹೆಸರು ಮೊದಲೇ ಸರಿಯಾಗಿ ಬಿದ್ದಿತ್ತು ಅನಿಸುತ್ತದೆ.

ಈಮ್ ಇರುವುದು ಡಾರ್ಬಿಶೈರ್ ಜಿಲ್ಲೆಯಲ್ಲಿ, ಪೀಕ್ ಡಿಸ್ಟ್ರಿಕ್ಟ್ ಎಂಬ ಗುಡ್ಡಗಾಡಿನಲ್ಲಿ. 1951ರಲ್ಲಿ ಬ್ರಿಟನ್ನಿನ ಮೊಟ್ಟಮೊದಲ ರಾಷ್ಟ್ರೀಯ ಉದ್ಯಾನವಾದದ್ದು ಇದೇ ಪ್ರದೇಶ. ನಮ್ಮ ಕಡೆ ಹಾಗೆಂದರೆ ಕಾಡು, ಪ್ರಾಣಿ, ಅರಣ್ಯ ಇಲಾಖೆಯ ಗೇಟು. ಅಲ್ಲಿ ಹಳ್ಳಿ, ಹೊಲ, ಕುರಿ, ಶಾಲೆ ಎಲ್ಲವೂ ಉದ್ಯಾನದ ಒಳಗೇ ಇವೆ. ಶೆಫೀಲ್ಡ್ ದಾಟುತ್ತಿದ್ದಂತೆ ಮರಗಳೇ ಇಲ್ಲದ ಬೋಳು ಗುಡ್ಡಗಳು ಎದುರಾದವು. ಸೆಪ್ಟೆಂಬರ್ ತಿಂಗಳು. ಹೆದರ್ ಎಂಬ ಕುರುಚಲು ಗಿಡದ ನೇರಳೆ ಹೂವು ಇನ್ನೂ ಅಲ್ಲಲ್ಲಿ ಉಳಿದಿತ್ತು. ಸುಣ್ಣ, ಗಾರೆ ಏನೂ ಇಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಬೇಲಿಗೋಡೆಗಳು ಗುಡ್ಡದ ತುದಿಯವರೆಗೂ ಹೋಗಿದ್ದವು.

ಆ ಕಲ್ಲನ್ನು ನೋಡಿದರೆ ಊರಿನ ಅರ್ಧ ಕಥೆ ಗೊತ್ತಾಗುತ್ತದೆ. ಈಮ್‌ನ ಉತ್ತರಕ್ಕೆ ಗೋಡೆಯಂತೆ ಎದ್ದು ನಿಂತಿರುವುದು ಒರಟು ಮರಳುಗಲ್ಲಿನ ಗುಡ್ಡ, ಬಣ್ಣ ಕಂದು, ಕಪ್ಪು. ದಕ್ಷಿಣಕ್ಕೆ ಇಳಿಯುವುದು ಬಿಳಿಯ ಸುಣ್ಣಕಲ್ಲಿನ ಕಣಿವೆಗಳು. ಊರು ಈ ಎರಡೂ ಸೇರುವ ಕಡೆ, ಗುಡ್ಡದ ಅಡಿಯ ಮೆಟ್ಟಿಲಿನ ಮೇಲೆ ಕುಳಿತಿದೆ. ಸುಣ್ಣಕಲ್ಲಿನ ನೆಲದಲ್ಲಿ ನೀರು ನಿಲ್ಲುವುದಿಲ್ಲ, ಬಿರುಕಿನಲ್ಲಿ ಇಳಿದು ಮಾಯವಾಗುತ್ತದೆ. ಮರಳುಗಲ್ಲಿನ ಗುಡ್ಡದಿಂದ ಬರುವ ನೀರಾದರೋ ಈ ಸಂಧಿಯಲ್ಲಿ ಬುಗ್ಗೆಯಾಗಿ ಹೊರಬೀಳುತ್ತದೆ. ಹಾಗಾಗಿ ಜನ ಇಲ್ಲಿ ನೆಲೆನಿಂತರು. ಆ ಬುಗ್ಗೆಗಳ ನೀರನ್ನು ಕೊಳವೆಯಲ್ಲಿ ತಂದು ಬೀದಿಬದಿಯ ಕಲ್ಲಿನ ತೊಟ್ಟಿಗಳಿಗೆ ಬಿಟ್ಟದ್ದು 1588ರಲ್ಲಂತೆ. ಅಲ್ಲಿನ ಹಳ್ಳಿಗಳಲ್ಲೇ ಮೊದಲ ಸಾರ್ವಜನಿಕ ನೀರಿನ ವ್ಯವಸ್ಥೆಗಳಲ್ಲಿ ಇದೂ ಒಂದು ಎಂದು ಊರವರಿಗೆ ಹೆಮ್ಮೆ. ತೊಟ್ಟಿಗಳು ಇಂದಿಗೂ ಇವೆ. ನಮ್ಮ ಹಳ್ಳಿಗಳಲ್ಲಿ ದನ ನೀರು ಕುಡಿಯುವ ಬಾನಿಯನ್ನು ನೋಡಿದವರಿಗೆ ಗುರುತು ಹತ್ತುವುದು ಕಷ್ಟವಲ್ಲ.

1588 ಎಂದೊಡನೆ ಕಥೋಲಿಕರಾದ ನಮಗೆ ಇನ್ನೊಂದು ನೆನಪೂ ಅಲ್ಲೇ ಹತ್ತಿರದಲ್ಲಿ ಸಿಗುತ್ತದೆ. ಈಮ್‌ಗೆ ಹೋಗುವ ದಾರಿಯಲ್ಲಿ ಪ್ಯಾಡ್ಲಿ ಎಂಬ ಜಾಗವಿದೆ. ಅಲ್ಲಿನ ಕಥೋಲಿಕ ಮನೆತನವೊಂದರ ಮನೆಯಲ್ಲಿ ಅಡಗಿದ್ದ ನಿಕೋಲಸ್ ಗಾರ್ಲಿಕ್ ಮತ್ತು ರಾಬರ್ಟ್ ಲಡ್ಲಮ್ ಎಂಬ ಇಬ್ಬರು ಗುರುಗಳು ಸಿಕ್ಕಿಬಿದ್ದದ್ದು ಅದೇ ವರ್ಷ. ಅದೇ ಜುಲೈಯಲ್ಲಿ ಡಾರ್ಬಿ ಪಟ್ಟಣದಲ್ಲಿ ಅವರನ್ನು ಕೊಂದರು. 1987ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರಿಬ್ಬರನ್ನೂ ಧನ್ಯರೆಂದು ಸಾರಿದರು. ಉಳಿದುಕೊಂಡಿರುವ ಚಿಕ್ಕ ಪ್ರಾರ್ಥನಾಲಯಕ್ಕೆ ಪ್ರತಿ ಜುಲೈಯಲ್ಲೂ ಯಾತ್ರೆ ಹೋಗುತ್ತಾರೆ. ಇದನ್ನು ಇಲ್ಲಿ ಹೇಳಿದ್ದು ಸುಮ್ಮನೆ ಅಲ್ಲ. ಧರ್ಮದ ಹೆಸರಿನಲ್ಲಿ ಒಬ್ಬರನ್ನೊಬ್ಬರು ಬೇಟೆಯಾಡಿದ ಕಾಲ ಅದು. ಆ ಹಗೆ ಇನ್ನೂ ಆರದಿದ್ದಾಗಲೇ ಈಮ್‌ಗೆ ಪ್ಲೇಗು ಬಂತು.

ಊರು ಒಂದು ಉದ್ದ ಬೀದಿ. ಇಕ್ಕೆಲದಲ್ಲಿ ಕಲ್ಲಿನ ಮನೆಗಳು, ನಡುವೆ ಸಂತ ಲಾರೆನ್ಸರ ದೇವಾಲಯ. ಸುಧಾರಣೆಯ ಕಾಲದಿಂದ ಅದು ಆಂಗ್ಲಿಕನ್ ಸಭೆಯದ್ದು. ಅಂಗಳದಲ್ಲಿ ಸಾವಿರ ವರ್ಷಕ್ಕೂ ಹಳೆಯ ಕಲ್ಲಿನ ಶಿಲುಬೆ ಇದೆ. ಕಂಬದ ಒಂದು ತುಂಡು ಕಾಣೆಯಾಗಿದ್ದರೂ ತೋಳುಗಳಲ್ಲಿ ಕೆತ್ತಿದ ದೇವದೂತರು, ಕಂಬದಲ್ಲಿ ಕಂದನನ್ನೆತ್ತಿಕೊಂಡ ಮಾತೆ ಮರಿಯಮ್ಮ ಇನ್ನೂ ಕಾಣುತ್ತಾರೆ. ಗೋಡೆಯ ಮೇಲೆ 1775ರ ದೊಡ್ಡ ನೆರಳು ಗಡಿಯಾರವಿದೆ, ದೂರ ದೇಶಗಳ ಊರುಗಳ ಹೆಸರೂ ಅದರಲ್ಲುಂಟು. ಊರಿಗೆ ಅಷ್ಟು ಹಣ ಎಲ್ಲಿಂದ ಬಂತು ಎಂದರೆ ಸೀಸದಿಂದ. ಸುಣ್ಣಕಲ್ಲಿನ ಬಿರುಕುಗಳಲ್ಲಿ ಸೀಸದ ಅದಿರು ಸಿಗುತ್ತಿತ್ತು. ರೈತನೇ ಬಿಡುವಿನಲ್ಲಿ ಗಣಿಗೆ ಇಳಿಯುತ್ತಿದ್ದ. ತೆಗೆದ ಅದಿರಿನಲ್ಲಿ ಪಾದ್ರಿಯವರಿಗೂ ಒಂದು ಪಾಲು ಸಲ್ಲುತ್ತಿತ್ತು.

ದೇವಾಲಯದ ಪಕ್ಕದಲ್ಲಿ ಸಾಲಾಗಿ ಕೆಲವು ಮನೆಗಳಿವೆ. ಮುಂದೆ ಗುಲಾಬಿ ಗಿಡಗಳು, ಕಿಟಕಿಗೆ ಬಿಳಿ ಪರದೆ. ಪ್ರತಿ ಮನೆಯ ಮುಂದೆ ಒಂದು ಫಲಕ, ಅದರಲ್ಲಿ ಆ ಮನೆಯಲ್ಲಿ ಸತ್ತವರ ಹೆಸರುಗಳು. ಒಳಗೆ ಯಾರೋ ಟಿವಿ ನೋಡುತ್ತಿದ್ದ ಸದ್ದು ಕೇಳುತ್ತಿತ್ತು. ಅಂಥ ಮನೆಯಲ್ಲಿ ದಿನವೂ ಅಡುಗೆ ಮಾಡಿ ಉಂಡು ಮಲಗುವವರು ಅದನ್ನು ಹೇಗೆ ಓದಿಕೊಳ್ಳುತ್ತಾರೋ!

1665ರ ಆಗಸ್ಟ್ ಕೊನೆಯಲ್ಲಿ ಅಲ್ಲಿನ ದರ್ಜಿಯೊಬ್ಬರ ಮನೆಗೆ ಲಂಡನ್ನಿನಿಂದ ಬಟ್ಟೆಯ ಗಂಟು ಬಂತು. ಲಂಡನ್ನಿನಲ್ಲಿ ಆಗ ಪ್ಲೇಗಿಗೆ ಜನ ಸಾವಿರ ಸಾವಿರವಾಗಿ ಸಾಯುತ್ತಿದ್ದರು. ಬಟ್ಟೆ ಒದ್ದೆಯಾಗಿತ್ತು. ಮನೆಯಲ್ಲಿ ಕೆಲಸಕ್ಕಿದ್ದ ಜಾರ್ಜ್ ವಿಕರ್ಸ್ ಅದನ್ನು ಬೆಂಕಿಯ ಮುಂದೆ ಹರವಿ ಒಣಗಿಸಿದ, ಮಡಿಕೆಗಳಲ್ಲಿದ್ದ ಚಿಗಟಗಳು ಎಚ್ಚೆತ್ತವು ಎಂದು ಹೇಳುತ್ತಾರೆ. ಸೆಪ್ಟೆಂಬರ್ 7ರಂದು ಆತನನ್ನು ಹೂಳಿದರು. ಎರಡು ವಾರದಲ್ಲಿ ಅದೇ ಮನೆಯ ಹುಡುಗ ಹೋದ. ಆಮೇಲೆ ಪಕ್ಕದ ಮನೆ, ಎದುರು ಮನೆ. ಚಳಿಗಾಲದಲ್ಲಿ ರೋಗ ಇಳಿಯಿತು. ಎಲ್ಲ ಮುಗಿಯಿತು ಎಂದು ಜನ ಉಸಿರು ಬಿಟ್ಟರು. 1666ರ ಬೇಸಿಗೆ ಬರುತ್ತಿದ್ದಂತೆ ಮತ್ತೆ ಹೊತ್ತಿಕೊಂಡಿತು.

ಆಗ ಊರಿನ ಸಭಾಪಾಲಕ ವಿಲಿಯಂ ಮೊಂಪೆಸನ್. ಇನ್ನೂ ಮೂವತ್ತು ತುಂಬದ ಯುವಕ, ಮದುವೆಯಾಗಿ ಇಬ್ಬರು ಮಕ್ಕಳು. ಬಂದು ಎರಡು ವರ್ಷವಾಗಿತ್ತಷ್ಟೇ, ಊರು ಅವರನ್ನು ಒಪ್ಪಿಕೊಂಡಿರಲಿಲ್ಲ. ಅದಕ್ಕೆ ಕಾರಣ, ಹಿಂದೆ ಅಲ್ಲಿದ್ದ ಥಾಮಸ್ ಸ್ಟ್ಯಾನ್ಲಿ ಎಂಬ ಪ್ಯೂರಿಟನ್ ಬೋಧಕರು. ಅರಸನ ಹೊಸ ಪ್ರಾರ್ಥನಾ ಪುಸ್ತಕಕ್ಕೆ ತಲೆಬಾಗಲಿಲ್ಲವೆಂದು 1662ರಲ್ಲಿ ಅವರ ಸ್ಥಾನ ಹೋಗಿತ್ತು. ಆದರೂ ಅವರು ಊರಿನಲ್ಲೇ ಇದ್ದರು, ಜನರ ಪ್ರೀತಿಯೂ ಅವರ ಕಡೆಗೇ ಇತ್ತು. ನಮ್ಮ ಧರ್ಮಕೇಂದ್ರಗಳಲ್ಲಿ ಹಳೆಯ ಸ್ವಾಮಿಯವರು, ಹೊಸ ಸ್ವಾಮಿಯವರು ಎಂದು ಎರಡು ಗುಂಪಾಗುವುದನ್ನು ಕಂಡವರಿಗೆ ಇದು ಬಿಡಿಸಿ ಹೇಳಬೇಕಾದ ಸಂಗತಿಯಲ್ಲ. ಮೊಂಪೆಸನ್‌ಗೆ ಒಂದು ಗೊತ್ತಿತ್ತು, ತಾನೊಬ್ಬನೇ ಹೇಳಿದರೆ ಯಾರೂ ಕೇಳುವುದಿಲ್ಲ. ಅವರು ಸ್ಟ್ಯಾನ್ಲಿಯವರ ಬಳಿ ಹೋದರು. ಕಾನೂನು ಪ್ರಕಾರ ಒಬ್ಬರು ಊರಿನ ಪಾಲಕರು, ಇನ್ನೊಬ್ಬರು ಅಪರಾಧಿ. ಇಬ್ಬರೂ ಕೂತು ಮಾತಾಡಿ ಜೊತೆಯಾಗಿ ಜನರ ಮುಂದೆ ನಿಂತರು.

ಮೂರು ತೀರ್ಮಾನಗಳಾದವು. ಸತ್ತವರನ್ನು ದೇವಾಲಯದ ಅಂಗಳಕ್ಕೆ ತರಬಾರದು, ಮನೆಯವರೇ ತಮ್ಮ ತೋಟದಲ್ಲೋ ಹೊಲದಲ್ಲೋ ಹೂಳಬೇಕು. ದೇವಾಲಯಕ್ಕೆ ಬೀಗ; ಪ್ರಾರ್ಥನೆ ಬಯಲಿನಲ್ಲಿ, ಒಬ್ಬರಿಂದ ಒಬ್ಬರು ದೂರ ನಿಂತು. ಮೂರನೆಯದು, ಊರಿನ ಗಡಿಯನ್ನು ಯಾರೂ ದಾಟಬಾರದು.

ಬಯಲಿನ ದೇವಾಲಯವಾದದ್ದು ಊರ ಕೆಳಗಿನ ಕಕ್ಲೆಟ್ ಡೆಲ್ಫ್ ಎಂಬ ಹಸಿರು ತಗ್ಗು. ಅಲ್ಲಿ ಸುಣ್ಣಕಲ್ಲಿನ ಬಂಡೆಯೊಂದು ಕಮಾನಿನಂತೆ ತೆರೆದುಕೊಂಡಿದೆ. ಮೊಂಪೆಸನ್ ಅಲ್ಲಿ ನಿಂತು ಬೋಧಿಸುತ್ತಿದ್ದರು. ಇಂದಿಗೂ ಆಗಸ್ಟ್ ತಿಂಗಳ ಕೊನೆಯ ಭಾನುವಾರ, ಪ್ಲೇಗು ಭಾನುವಾರ ಎಂಬ ಹೆಸರಿನಲ್ಲಿ, ಅಲ್ಲಿ ಪ್ರಾರ್ಥನೆ ನಡೆಯುತ್ತದೆ.

ಗಡಿ ಎಂದರೆ ಗೋಡೆಯಲ್ಲ, ಬೇಲಿಯಲ್ಲ, ಮಾತು ಮಾತ್ರ. ಸ್ಟೋನಿ ಮಿಡಲ್ಟನ್ ಎಂಬ ಪಕ್ಕದೂರಿಗೆ ಇಳಿಯುವ ಕಾಲುದಾರಿಯಲ್ಲಿ ಒಂದು ಕಲ್ಲಿದೆ. ಅದರ ಮೇಲೆ ಗುಂಡಗೆ ಕೊರೆದ ತೂತುಗಳು. ಹೊರಗಿನವರು ಹಿಟ್ಟು, ರೊಟ್ಟಿ, ಔಷಧಿ ತಂದು ಅಲ್ಲಿಟ್ಟು ಹೋಗುವರು. ಊರವರು ಆ ತೂತುಗಳಲ್ಲಿ ವಿನಿಗರ್ ತುಂಬಿ ನಾಣ್ಯ ಮುಳುಗಿಸಿಡುವರು. ಉತ್ತರದ ಗುಡ್ಡದಲ್ಲಿ ಮೊಂಪೆಸನ್ ಬಾವಿ ಎಂಬ ಇನ್ನೊಂದು ಜಾಗವಿದೆ, ಅಲ್ಲಿ ನಾಣ್ಯವನ್ನು ತೊಳೆಯುತ್ತಿದ್ದದ್ದು ನೀರು. ಚಾಟ್ಸ್‌ವರ್ತ್ ಅರಮನೆಯ ಡೆವನ್‌ಶೈರ್ ದೊರೆ ದಿನಸಿ ಕಳಿಸಿಕೊಟ್ಟರು. ಗಡಿಕಲ್ಲಿನ ತೂತುಗಳ ಅಂಚು ಈಗ ನುಣುಪಾಗಿದೆ. ಬಂದ ಮಕ್ಕಳೆಲ್ಲ ಬೆರಳು ಹಾಕಿ ನೋಡುತ್ತಾರೆ. ನಾನೂ ಹಾಕಿ ನೋಡಿದೆ. ಒಳಗೆ ಒಂದು ಪೆನ್ನಿ ಇತ್ತು, ಯಾರೋ ಪ್ರವಾಸಿಗರು ಇಟ್ಟದ್ದಿರಬೇಕು.

ಆ ಬೇಸಿಗೆಯ ಕಥೆಗಳಲ್ಲಿ ನನಗೆ ಮರೆಯಲಾಗದ್ದು ರೈಲಿ ಹೊಲದ್ದು. ಊರಿನಿಂದ ಪೂರ್ವಕ್ಕೆ ಗುಡ್ಡ ಹತ್ತಿದರೆ ಕುರಿ ಮೇಯುವ ಹುಲ್ಲಿನ ನಡುವೆ ದುಂಡಗಿನ ಸಣ್ಣ ಕಲ್ಲುಗೋಡೆ, ಅದರೊಳಗೆ ಏಳು ಮಂದಿಯ ಸಮಾಧಿಕಲ್ಲುಗಳು. 1666ರ ಆಗಸ್ಟ್ ಮೊದಲ ವಾರದಲ್ಲಿ ಎಲಿಜಬೆತ್ ಹ್ಯಾನ್‌ಕಾಕ್ ಎಂಬ ತಾಯಿ ಎಂಟು ದಿನದೊಳಗೆ ಗಂಡನನ್ನೂ ಆರು ಮಕ್ಕಳನ್ನೂ ತಾನೇ ಎಳೆದು ತಂದು, ತಾನೇ ಗುಂಡಿ ತೋಡಿ ಹೂತಳು. ಸಹಾಯಕ್ಕೆ ಯಾರೂ ಬರಲಿಲ್ಲ, ಬರುವಂತೆಯೂ ಇರಲಿಲ್ಲ. ಆಕೆಗೆ ರೋಗ ತಾಗಲಿಲ್ಲ. ಆಮೇಲೆ ಶೆಫೀಲ್ಡಿನಲ್ಲಿ ಕೆಲಸ ಕಲಿಯುತ್ತಿದ್ದ ಉಳಿದೊಬ್ಬ ಮಗನ ಬಳಿಗೆ ಹೊರಟುಹೋದಳಂತೆ. ಅಲ್ಲಿ ನಿಂತರೆ ಕೆಳಗೆ ಕಣಿವೆ ಬಹಳ ಚೆಂದ ಕಾಣುತ್ತದೆ. ಮಗಳು ಫೋಟೋ ತೆಗೆಯೋಣ ಎಂದಳು. ನನಗೆ ಬೇಡವೆನಿಸಿತು.

ಎಲ್ಲರೂ ಸಂತರಾಗಿರಲಿಲ್ಲ ಎನ್ನುವುದನ್ನೂ ಹೇಳಬೇಕು. ಮಾರ್ಷಲ್ ಹೌ ಎಂಬ ಗಟ್ಟಿ ಆಳಿಗೆ ರೋಗ ಬಂದು ವಾಸಿಯಾಗಿತ್ತು. ಇನ್ನು ತನಗೆ ಭಯವಿಲ್ಲವೆಂದು ಹೂಳುವವರಿಲ್ಲದ ಹೆಣಗಳನ್ನು ಆತ ಹೂಳುತ್ತಿದ್ದ. ಕೂಲಿಯಾಗಿ ಸತ್ತವರ ಮನೆಯ ಬಟ್ಟೆಬರೆ, ಸಾಮಾನು ಎತ್ತಿಕೊಂಡು ಬರುತ್ತಿದ್ದ. ಆಗಸ್ಟಿನಲ್ಲಿ ಅವನ ಹೆಂಡತಿ ಸತ್ತಳು, ಮಗನೂ ಸತ್ತ. ಇನ್ನು ಎಮಟ್ ಸಿಡಲ್ ಎಂಬ ಹುಡುಗಿ. ಸ್ಟೋನಿ ಮಿಡಲ್ಟನ್ನಿನ ರೋಲಂಡ್ ಎಂಬವನೊಡನೆ ಆಕೆಯ ಮದುವೆ ನಿಶ್ಚಯವಾಗಿತ್ತಂತೆ. ಇಬ್ಬರೂ ದೂರದಲ್ಲಿ ನಿಂತು, ಮಾತಿಲ್ಲದೆ, ನೋಡಿ ಹೋಗುತ್ತಿದ್ದರು. ಏಪ್ರಿಲ್ ಕೊನೆಗೆ ಆಕೆ ಬರುವುದು ನಿಂತಿತು. ಊರಿನ ದಾರಿ ತೆರೆದ ದಿನ ಮೊದಲು ಒಳಗೆ ಓಡಿಬಂದವನು ರೋಲಂಡ್ ಎನ್ನುತ್ತಾರೆ. ಇದರಲ್ಲಿ ಎಷ್ಟು ನಿಜ, ಎಷ್ಟು ಕಥೆಯೋ, ಹುಡುಗಿ ಸತ್ತದ್ದಂತೂ ನಿಜ.

ಮೊಂಪೆಸನ್ ದಂಪತಿ ತಮ್ಮ ಮಕ್ಕಳಿಬ್ಬರನ್ನೂ ಮೊದಲೇ ಯಾರ್ಕ್‌ಶೈರಿಗೆ ಕಳಿಸಿದ್ದರು. ಹೆಂಡತಿ ಕ್ಯಾಥರಿನ್‌ಗೂ ಹೋಗು ಎಂದರು, ಆಕೆ ಗಂಡನನ್ನು ಬಿಟ್ಟು ಹೋಗಲಿಲ್ಲ. ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಂಡಳು. ಆಗಸ್ಟ್ 25ರಂದು ತೀರಿಕೊಂಡಳು, ಇಪ್ಪತ್ತೇಳು ವರ್ಷ. ಆ ಒಂದೇ ತಿಂಗಳಲ್ಲಿ ಊರಿನಲ್ಲಿ ಸತ್ತವರು 78 ಮಂದಿ. ಅಂಗಳದಲ್ಲಿ ಹೂಳಬಾರದು ಎಂಬ ನಿಯಮವಿದ್ದರೂ ಕ್ಯಾಥರಿನ್‌ಳ ಸಮಾಧಿ ದೇವಾಲಯದ ಅಂಗಳದಲ್ಲೇ, ಆ ಹಳೆಯ ಶಿಲುಬೆಯ ಹತ್ತಿರವೇ ಇದೆ. ಅದನ್ನು ತಪ್ಪೆಂದು ಎಣಿಸಲು ನನಗೆ ಮನಸ್ಸು ಬರಲಿಲ್ಲ. ಆದರೆ ಹ್ಯಾನ್‌ಕಾಕ್ ತಾಯಿಯ ನೆನಪೂ ಬಾರದಿರಲಿಲ್ಲ.

ಕೊನೆಯ ಸಾವು 1666ರ ನವೆಂಬರ್ 1, ಸಕಲ ಸಂತರ ಹಬ್ಬದ ದಿನ. ಹದಿನಾಲ್ಕು ತಿಂಗಳಲ್ಲಿ ಸುಮಾರು 260 ಜನ, 76 ಕುಟುಂಬಗಳಿಂದ. ಊರಿನಲ್ಲಿ ಆಗ ಇದ್ದದ್ದೇ 350 ಜನ ಎಂದು ಬಹುಕಾಲ ನಂಬಿದ್ದರು. ಈಗಿನ ಸಂಶೋಧಕರು ಏಳೆಂಟು ನೂರಿದ್ದಿರಬೇಕು ಎನ್ನುತ್ತಾರೆ. ಹಾಗಾದರೂ ಮೂವರಲ್ಲಿ ಒಬ್ಬರು. ತನ್ನ ಊರು ಗೊಲ್ಗೊಥಾ ಆಯಿತೆಂದು ಮೊಂಪೆಸನ್ ಪತ್ರದಲ್ಲಿ ಬರೆದರು. ಸುತ್ತಲಿನ ಊರುಗಳಿಗೆ ಮಾತ್ರ ರೋಗ ಹರಡಲಿಲ್ಲ.

ಈ ಕಥೆಯನ್ನು ಅಲ್ಲಿನವರೇ ಈಗ ಕೊಂಚ ಕೆದಕಿ ನೋಡುತ್ತಾರೆ. ಎಲ್ಲರೂ ಮನಸಾರೆ ಉಳಿದರೇ? ಕೈಯಲ್ಲಿ ದುಡ್ಡಿದ್ದವರಲ್ಲಿ ಕೆಲವರು ಮೊದಲೇ ಹೊರಟುಹೋಗಿದ್ದರು. ಬಡವರಿಗೆ ಹೋಗಲು ಜಾಗವೆಲ್ಲಿತ್ತು? ಈಮ್‌ನಿಂದ ಬರುವವರನ್ನು ತಡೆಯಲು ಕಾವಲು ಹಾಕಿದ ಖರ್ಚು ಶೆಫೀಲ್ಡಿನ ಹಳೆಯ ಲೆಕ್ಕದಲ್ಲಿದೆ. ಪಕ್ಕದ ಸಂತೆಗೆ ಹೋದ ಹೆಂಗಸೊಬ್ಬಳನ್ನು ಜನ ಕಲ್ಲು ಮಣ್ಣು ಎಸೆದು ಓಡಿಸಿದರು ಎಂಬ ಕಥೆಯೂ ಉಂಟು. ಅಂದರೆ ಬಾಗಿಲಿಗೆ ಹೊರಗಿನಿಂದಲೂ ಒಂದು ಅಗುಳಿ ಬಿದ್ದಿತ್ತು. ಆದರೂ ಗುಡ್ಡದ ಊರು, ರಾತ್ರಿ ಕತ್ತಲು, ದಾರಿ ನೂರಾರು. ಓಡಿಹೋಗಬೇಕು ಎಂದವರನ್ನು ಯಾವ ಕಾವಲುಗಾರನೂ ತಡೆಯಲಾಗುತ್ತಿರಲಿಲ್ಲ. ಹೆಚ್ಚಿನವರು ಉಳಿದರು. ನನಗೆ ಅಷ್ಟು ಸಾಕು.

ನನ್ನನ್ನು ಕಾಡಿದ್ದು ಬೇರೆ ಪ್ರಶ್ನೆ. ಪ್ಲೇಗಿನ ರೋಗಾಣು ಇಲಿಯ ಚಿಗಟದಿಂದ ಬರುತ್ತದೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಅದು ತಿಳಿದದ್ದು 1890ರ ದಶಕದಲ್ಲಿ, ಹಾಂಗ್‌ಕಾಂಗ್, ಮುಂಬಯಿಗಳಲ್ಲಿ ಪ್ಲೇಗು ಹಬ್ಬಿದಾಗ. ಈಮ್‌ನ ಜನ ಗಡಿಯೊಳಗೆ ಉಳಿದರು, ಬಹುಪಾಲು ಮಂದಿ ಅದೇ ಮನೆಗಳಲ್ಲೇ, ಅದೇ ಇಲಿಗಳ ಜೊತೆಗೇ. ನಮ್ಮ ಅಜ್ಜಿಯ ಊರಿನವರು ಮನೆ ಬಿಟ್ಟರು, ತಮ್ಮ ಜೀವ ಉಳಿಸಿಕೊಂಡರು. ಆದರೆ ಗಂಟುಮೂಟೆಯೊಳಗೆ ಚಿಗಟ ಸೇರಿದ್ದರೆ ನೆಂಟರ ಊರಿಗೂ ರೋಗ ಹೋಯಿತು. ಅಜ್ಜಿಯ ಉಪಾಯ ತಮಗೆ ಒಳ್ಳೆಯದು, ಈಮ್‌ನ ಉಪಾಯ ನೆರೆಯವರಿಗೆ ಒಳ್ಳೆಯದು. ಊರ ಗಡಿ ದಾಟದೆ, ಮನೆಗಳನ್ನು ಮಾತ್ರ ಬಿಟ್ಟು ಎಲ್ಲರೂ ಆ ಗುಡ್ಡದ ಮೇಲೆ ಗುಡಿಸಲು ಹಾಕಿಕೊಂಡಿದ್ದರೆ? ಕೆಲವರು ಕಣಿವೆಯಲ್ಲಿ ಹಾಗೆ ಮಾಡಿದರು ಎಂದು ಹೇಳುತ್ತಾರೆ. ಆದರೆ 2016ರಲ್ಲಿ ಇಬ್ಬರು ವಿಜ್ಞಾನಿಗಳು ಈಮ್‌ನ ಸಾವಿನ ದಾಖಲೆಯನ್ನೇ ಲೆಕ್ಕಹಾಕಿ, ಅಲ್ಲಿ ಸುಮಾರು ಮುಕ್ಕಾಲು ಪಾಲು ಸೋಂಕು ಇಲಿಯಿಂದಲ್ಲ, ಮನುಷ್ಯರಿಂದ ಮನುಷ್ಯರಿಗೆ ದಾಟಿರಬೇಕು ಎಂದರು. ಅದು ನಿಜವಾದರೆ ದೂರ ದೂರ ನಿಂತು ಪ್ರಾರ್ಥಿಸಿದ್ದೇ ಅವರ ದೊಡ್ಡ ಔಷಧಿ. 2020ರಲ್ಲಿ ಕೊರೋನಾ ಬಂದು ನಮ್ಮ ದೇವಾಲಯಗಳಿಗೂ ಬೀಗ ಬಿದ್ದಾಗ ಜಗತ್ತಿನ ಪತ್ರಿಕೆಗಳೆಲ್ಲ ಈ ಊರನ್ನು ನೆನೆದದ್ದು ಅದಕ್ಕೇ.

ನಮ್ಮ ನೆಲದಲ್ಲಿ ಆ ರೋಗ ಬಹಳ ಕಾಲ ಉಳಿಯಿತು. 1994ರಲ್ಲಿ ಸೂರತ್ತಿನಲ್ಲಿ ಮತ್ತೆ ಸುದ್ದಿಯಾಗುವ ಮೊದಲು ಭಾರತದಲ್ಲಿ ದಾಖಲಾದ ಕೊನೆಯ ಪ್ಲೇಗು ರೋಗಿ ಇದ್ದದ್ದು ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ, 1966ರಲ್ಲಿ. ಈಮ್‌ನ ಕೊನೆಯ ಸಾವಿಗೆ ಸರಿಯಾಗಿ ಮುನ್ನೂರು ವರ್ಷ.

ಇವತ್ತಿನ ಈಮ್‌ನಲ್ಲಿ ಸಾವಿರದೊಳಗೆ ಜನ. ಪ್ಲೇಗಿನ ನಂತರವೂ ಸೀಸದ ಗಣಿ ನಡೆಯಿತು. ಆಮೇಲೆ ರೇಷ್ಮೆ ನೇಯ್ದರು, ಬೂಟು ಹೊಲಿದರು, ಸೀಸ ಮುಗಿದ ಮೇಲೆ ಉಕ್ಕಿನ ಕಾರ್ಖಾನೆಗೆ ಬೇಕಾದ ಫ್ಲೋರ್‌ಸ್ಪಾರ್ ಕಲ್ಲನ್ನು ಅದೇ ನೆಲದಿಂದ ಅಗೆದರು. ಈಗ ಊರನ್ನು ಸಾಕುವುದರಲ್ಲಿ ಪ್ರವಾಸಿಗರದೂ ದೊಡ್ಡ ಪಾಲು. 1994ರಲ್ಲಿ ತೆರೆದ ವಸ್ತುಸಂಗ್ರಹಾಲಯಕ್ಕೆ ಶಾಲೆಯ ಮಕ್ಕಳು ಬಸ್ಸುಗಳಲ್ಲಿ ಬರುತ್ತಾರೆ. ಆಗಸ್ಟಿನಲ್ಲಿ ಬಾವಿ ಸಿಂಗಾರವೂ ನಡೆಯುತ್ತದೆ. ಹಲಗೆಗೆ ಹಸಿ ಜೇಡಿಮಣ್ಣು ಮೆತ್ತಿ, ಹೂವಿನ ಒಂದೊಂದೇ ಎಸಳು ಒತ್ತಿ ಚಿತ್ರ ಮಾಡಿ, ಆ ಹಳೆಯ ನೀರಿನ ಜಾಗಗಳಲ್ಲಿ ನಿಲ್ಲಿಸುತ್ತಾರೆ. ನಾವು ಹೋದಾಗ ಅದು ಮುಗಿದಿತ್ತು. ಚಹಾದಂಗಡಿಯಲ್ಲಿ ಕೂತಾಗ ಮಗಳು ಕೇಳಿದಳು, "ಆಮೇಲೆ ಆ ಇಬ್ಬರು ಪಾದ್ರಿಗಳು ಏನಾದರು?"

ಸ್ಟ್ಯಾನ್ಲಿ ಈಮ್‌ನಲ್ಲೇ ಉಳಿದು 1670ರಲ್ಲಿ ಅಲ್ಲಿಯೇ ತೀರಿಕೊಂಡರು. ಮೊಂಪೆಸನ್‌ಗೆ ಅಷ್ಟು ಹೊತ್ತಿಗೆ ನಾಟಿಂಗ್‌ಹ್ಯಾಮ್‌ಶೈರಿನ ಈಕ್ರಿಂಗ್ ಎಂಬ ಹಳ್ಳಿಗೆ ವರ್ಗವಾಯಿತು. ಪ್ಲೇಗು ಮುಗಿದು ಮೂರು ವರ್ಷ ಕಳೆದಿತ್ತು. ಆದರೂ ಪ್ಲೇಗಿನ ಊರಿನಿಂದ ಬಂದವರೆಂದು ಈಕ್ರಿಂಗ್‌ನ ಜನ ಅವರನ್ನು ಊರೊಳಗೆ ಬಿಟ್ಟುಕೊಳ್ಳಲಿಲ್ಲ. ಕೆಲಕಾಲ ಊರಾಚೆ ರಫರ್ಡ್ ತೋಪಿನ ಗುಡಿಸಲಿನಲ್ಲಿದ್ದು, ಹೊಲದಲ್ಲಿ ಒಂದು ಮರದ ಕೆಳಗೆ ನಿಂತು ಅವರಿಗೆ ಬೋಧಿಸುತ್ತಿದ್ದರಂತೆ. ಕ್ರಮೇಣ ಭಯ ಹೋಯಿತು, ಜನ ಹತ್ತಿರ ಬಂದರು. 1709ರಲ್ಲಿ ಸಾಯುವವರೆಗೂ ಅವರು ಅಲ್ಲೇ ಇದ್ದರು. ಆ ಮರ ಈಗಿಲ್ಲ, ಅದಿದ್ದ ಜಾಗದಲ್ಲಿ ಒಂದು ಕಲ್ಲಿನ ಶಿಲುಬೆ ನಿಲ್ಲಿಸಿದ್ದಾರೆ.